ಐನೂರು ಗ್ರೇನು

ಒಂದು ಗ್ರೇನು ಎಂದರೆ ಒಂದು ಬಾರ್ಲಿ ಕಾಳಿನ ತೂಕವಂತೆ.
ಬಾರ್ಲಿ ಕಂಡವರಿಲ್ಲ ಬಿಂಗಾದಲ್ಲಿ. ನಮಗೆ ಜೋಳ, ಸಜ್ಜೆ,
ಬೇಲಿಗೆ ತಾನಾಗಿ ಹಬ್ಬಿದ ಗುಲಗಂಜಿ.
ತಕ್ಕಡಿಯ ಈಚೆ ತಟ್ಟೆಗೆ ಗುಂಡನ್ನಿಟ್ಟು
ಆಚೆಗೆ ಗುಲಗಂಜಿ ಎಣಿಸಿ ಹಾಕುತ್ತ ಹೋದೆ:
ಇನ್ನೂರ ಎಪ್ಪತ್ತೊಂದಕ್ಕೆ ಮುಳ್ಳು ನೆಟ್ಟಗಾಯಿತು.

ಪಾಯಿಂಟ್ ನಾಲ್ಕೈದೆಂಟು. ಮೂತಿ ಮೊಂಡು,
ಸೀಸದ ಮೈಗೆ ಉಕ್ಕಿನ ಹೊದಿಕೆ.
ಒಳಹೊಕ್ಕು ಹೂವಾಗಿ ಅರಳುವ ಜಾತಿಯಲ್ಲ ಇದು,
ಮಾಂಸವೋ ಮೂಳೆಯೋ, ಕೇಳದೆ
ನೆಟ್ಟಗೆ ಹೋಗುತ್ತಲೇ ಇರಬೇಕು.

ನಾನು ಲುಯಾಂಡೊ, ಶಸ್ತ್ರಕೋಣೆಯ ಗುಮಾಸ್ತೆ.
ಬೀಗದಕೈ, ಲೆಕ್ಕದ ಪುಸ್ತಕ, ಇಲಿ ಕಡಿದ ರಟ್ಟಿನ ಪೆಟ್ಟಿಗೆ,
ತಲೆಯ ಮೇಲೆ ತಗಡು.
ಹತ್ತೊಂಬತ್ತು ಬೇಸಿಗೆ ಬೆಂದಿವೆ ಇಲ್ಲಿ ತೋಟಾಗಳು.

ಅಪ್ಪನ ಕಡತದಲ್ಲಿ ಎರಡೇ ಸಾಲು:
ಜೋಳದ ಹೊಲಕ್ಕೆ ನುಗ್ಗಿದ ಕಾಡುಕೋಣಕ್ಕೆ ರೇಂಜರ್ ಮುನ್ಸಾಕನ ಗುರಿ ತಪ್ಪಿತು.
ಜಾಡುಗಾರ ಸಿಯಾಚಿಲಾಬಾ ಸ್ಥಳದಲ್ಲೇ ಸತ್ತ.

ಗುರಿ ತಪ್ಪಿರಲಿಲ್ಲ.
ಮರುದಿನ ಬೇರೆಯವರು ಕೆಡವಿದ ಆ ಕೋಣವನ್ನು ಕೊಯ್ದಾಗ
ಭುಜದ ಮೂಳೆ ದಾಟಿ ಗೇಣೂ ಹೋಗದೆ ಕೂತಿತ್ತು ಗುಂಡು,
ಮೂತಿ ಕೂಡ ನಜ್ಜಾಗದೆ,
ಹೊಸ್ತಿಲ ತನಕ ಬಂದು ನಾಚಿದ ನೆಂಟನ ಹಾಗೆ.
ಅದನ್ನೇ ನಾನು ತೂಗಿದ್ದು.
ತೂಕದಲ್ಲಿ ಒಂದು ಕಾಳೂ ಕಡಿಮೆಯಿಲ್ಲ.

ಹಾಗಾದರೆ ಕಡಿಮೆಯಾದದ್ದು?

ಅದೇ ಪೆಟ್ಟಿಗೆಯ ಇನ್ನೊಂದು ತೋಟಾದ ಗುಂಡು ಕಿತ್ತೆ.
ಬಗ್ಗಿಸಿದೆ, ಮದ್ದು ಸುರಿಯಲಿಲ್ಲ.
ತಟ್ಟಿದೆ. ಕೊನೆಗೆ ತಂತಿ ಹಾಕಿ ಕೆದಕಿದೆ:
ಮಳೆಗಾಲದ ಬೆಲ್ಲದಂತೆ ಹೆಂಟೆಗಟ್ಟಿತ್ತು.
ಗಿಡ್ಡ ಚಿಪ್ಪಿನೊಳಗೆ ಒತ್ತಿ ಒತ್ತಿ ತುಂಬಿದ್ದು,
ಗುಂಡಿನ ಭಾರ ಹೊತ್ತು ಹೊತ್ತು, ಕಾಳಿಗೆ ಕಾಳು ಅಂಟಿ ಕಲ್ಲಾಗಿದೆ.
ಬೆಂಕಿ ಇದರ ಹೊರಮೈ ನೆಕ್ಕೀತು,
ಒಳಗೆ ಹೋಗಲು ದಾರಿಯೆಲ್ಲಿ?

ಹರಾರೆಯಿಂದ ವೇಗ ಅಳೆಯುವ ಯಂತ್ರ ತರಿಸಿದೆ.
ಮರಳ ಚೀಲದ ಮೇಲೆ ಅಪ್ಪನದೇ ರೈಫಲ್ಲು,
ಹೆಗಲಿಗೆ ನಾಲ್ಕು ಮಡಿಕೆ ಟವೆಲ್ಲು.
ಸೆಕೆಂಡಿಗೆ ಆರುನೂರ ನಲವತ್ತು ಮೀಟರು ಎಂಬುದು
ಪೆಟ್ಟಿಗೆಯ ಮೇಲೆ ಅಚ್ಚಾದ ಮಾತು.
ಮೊದಲನೆಯದು ಐನೂರ ಹದಿನೇಳು.
ಎರಡನೆಯದು ಆರುನೂರ ನಾಲ್ಕು.
ಮೂರನೆಯದು ಯೋಚಿಸಿತು.
ಕುದುರೆ ಒತ್ತಿದೆ, ಟಿಕ್ ಅಂದಿತು,
ಆಮೇಲೆ, ಅದಕ್ಕೇ ಮನಸ್ಸು ಬಂದ ಮೇಲೆ, ಢಮ್.
ನಾನೂರ ಎಂಬತ್ತೆಂಟು.

ಪೆಟ್ಟು ಬೆಳೆಯುವುದೂ ಕುಗ್ಗುವುದೂ ವೇಗದ ವರ್ಗದಲ್ಲಿ.
ಶಾಲೆಯಲ್ಲಿ ಉರುಹೊಡೆದು ಮರೆತದ್ದನ್ನು
ಲೆಕ್ಕದ ಪುಸ್ತಕದ ಅಂಚಿನಲ್ಲಿ ಮತ್ತೆ ಮಾಡಿದೆ:
ಮೂರನೆಯದಕ್ಕೆ, ಐದು ಪಾಲು ಪೆಟ್ಟಿನಲ್ಲಿ ಎರಡು ಪಾಲು ಇಲ್ಲ.
ಆ ಬೆಳಗ್ಗೆ ಅಪ್ಪನ ಕೈಗೆ ಯಾವುದು ಸಿಕ್ಕಿತ್ತೋ.
ಎಲ್ಲದರದೂ ಒಂದೇ ಮುಖ, ಹಿತ್ತಾಳೆಯ ಹೊಳಪು.

"ಕಡತ ಮುಚ್ಚಿಯಾಗಿದೆಯಲ್ಲ" ಎಂದರು ಸಾಹೇಬರು,
ಮೊಹರು ಒತ್ತಿ ಕೊಟ್ಟರು ಆದರೂ.

ಕರಿಬಾ ದಂಡೆಯಲ್ಲಿ ಅಪ್ಪ
ಕಂಕುಳಿಗೆ ಊರುಗೋಲು ಕೊಟ್ಟು ಕಪೆಂಟಾ ಮೀನು ಒಣಗಿಸುತ್ತಿದ್ದ.
ಮೂರೂ ಅಂಕಿ ಓದಿದೆ.
ಎರಡನೇ ಸಲ ಓದು ಎನ್ನಲಿಲ್ಲ.

"ಹೆಗಲಿಗೆ ಆಗಲೇ ಗೊತ್ತಾಗಿತ್ತು, ಮಗಳೇ.
ದಿನಾ ಗುದ್ದುವ ಹಾಗೆ ಗುದ್ದಲಿಲ್ಲ ಅವತ್ತು,
ನೀನು ಚಿಕ್ಕವಳಿದ್ದಾಗ ತಳ್ಳುತ್ತಿದ್ದೆಯಲ್ಲ, ಹಾಗೆ ತಳ್ಳಿತು.
ತಕ್ಷಣ ಬೋಲ್ಟ್ ಎಳೆದು ಇನ್ನೊಂದು ಹಾಕಬೇಕಿತ್ತು.
ಇದೇನು ಹೀಗೆ, ಅಂದುಕೊಳ್ಳುತ್ತ ನಿಂತೆ.
ಸಿಯಾಚಿಲಾಬಾ ನನ್ನ ಎಡಕ್ಕೆ ಇದ್ದ."

"ಎಷ್ಟು ಹೊತ್ತು ನಿಂತೆ?"

"ನಿನ್ನ ಯಂತ್ರ ಅದನ್ನೂ ಅಳೆಯುತ್ತದೆಯೇ?"

ಜೇಬಿನಿಂದ ಗುಂಡು ತೆಗೆದುಕೊಟ್ಟೆ.
ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ ನೋಡಿದ,
ಸಂತೆಯಲ್ಲಿ ಈರುಳ್ಳಿ ನೋಡುವಂತೆ.
"ಭಾರ ಸರಿಯಾಗೇ ಇದೆ," ಎಂದ, ತಿರುಗಿ ಕೊಟ್ಟ.
"ಬಿಸಿಲು ಇಳಿಯುತ್ತಿದೆ,
ಆ ಸಾಲಿನ ಮೀನು ಮಗುಚಿ ಹಾಕು."